ಮನೆಯ ಸಾಕುಪ್ರಾಣಿಗಳ ಗರ್ಭಕೋಶದ ಸೋಂಕು: ಚಿಂಚಿಲಾದ ನಿಮಿತ್ತ ಕೆಲವು ಮಾತು

(ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ರಾಜ್ಯೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ನವೆಂಬರ್ ೧ ನಮಗೆ ರಾಜ್ಯೋತ್ಸವದ ದಿನ. ನಾವು ಅನ್ನ ಕಂಡುಕೊಂಡಿರುವ ಈ ನಾಡಿಗೆ ಕೇರಳ ಪಿರವಿಯ ದಿನ. ೧೯೫೬ರಲ್ಲಿ ಒಂದೇ ಬೆಳಗಿನಲ್ಲಿ ಎರಡು ರಾಜ್ಯಗಳೂ ಹುಟ್ಟಿದವು. ೧೯೭೩ರಲ್ಲಿ ನಮ್ಮ ರಾಜ್ಯ ಕರ್ನಾಟಕವೆಂದು ಹೆಸರು ಪಡೆಯಿತು. ಇಂಥ ಶುಭದಿನದಂದು ಭಾಷೆಯ ಹಿರಿಮೆ, ಸಾಹಿತ್ಯದ ಸಂಪತ್ತು, ಹಿಂದಿನ ವೈಭವ ಮುಂತಾದವನ್ನು ಕುರಿತು ಮಾತನಾಡುವುದು ವಾಡಿಕೆ. ಪಶುವೈದ್ಯದ ವೃತ್ತಿಯಲ್ಲಿರುವ ನಾವು ಆರಿಸಿಕೊಂಡಿರುವ ವಿಷಯ ಅಷ್ಟು ಎತ್ತರದ್ದಲ್ಲ. ಮನೆಯಲ್ಲಿ ಸಾಕಿದ ಹೆಣ್ಣುಪ್ರಾಣಿಯ ಗರ್ಭಕೋಶಕ್ಕೆ ಸೋಂಕು ತಗುಲಿದರೆ ಏನಾಗುತ್ತದೆ, ಆಗ ಮನೆಯವರು ಏನು ಮಾಡಬೇಕು ಎಂಬುದೇ ಇಂದಿನ ವಿಷಯ. ಹಬ್ಬದ ದಿನ ಇದೆಂಥ ಮಾತು ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಈ ವಿಷಯವನ್ನು ಯಾವ ದಿನವೂ ಯಾರೂ ಎತ್ತುವುದಿಲ್ಲವಾದ್ದರಿಂದಲೇ ಇಂದು ಎತ್ತಿದ್ದೇವೆ.

ನಮ್ಮ ಹಿರಿಯರಿಗೆ ಈ ವಿಷಯ ಹೊಸದಾಗಿರಲಿಲ್ಲ. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದ ರಾತ್ರಿ ಮನೆಯ ಅಜ್ಜಿ ಲಾಟೀನು ಹಿಡಿದು ಮೂರು ಸಲ ಎದ್ದು ಹೋಗಿ, "ಮಾಸು ಬಿತ್ತೇ?" ಎಂದು ಕೇಳುತ್ತಿದ್ದಳು. ಮಾಸು ಬೀಳದೆ ಒಳಗೇ ಕೊಳೆತರೆ ಹಸುವಿಗೆ ಜ್ವರ ಬರುತ್ತದೆ, ಹಾಲು ಬತ್ತುತ್ತದೆ, ಕೊನೆಗೆ ಜೀವಕ್ಕೇ ಕುತ್ತು ಎಂಬುದು ಆಕೆಗೆ ಯಾವ ಪುಸ್ತಕವನ್ನೂ ಓದದೆ ಗೊತ್ತಿತ್ತು. ಹನ್ನೆರಡು ಗಂಟೆ ಕಳೆದರೂ ಮಾಸು ಬೀಳದಿದ್ದರೆ ವೈದ್ಯರನ್ನು ಕರೆಯಬೇಕು, ಕೈಹಾಕಿ ಎಳೆಯತಕ್ಕದ್ದಲ್ಲ ಎಂದು ಇಂದಿನ ಶಾಸ್ತ್ರವೂ ಹೇಳುತ್ತದೆ. ದಕ್ಷಿಣ ಕನ್ನಡದಿಂದ ದೇವಸ್ಥಾನದ ಪೂಜೆಗೆಂದು, ಹೋಟೆಲಿನ ಕೆಲಸಕ್ಕೆಂದು ತಿರುವನಂತಪುರಕ್ಕೆ ಬಂದ ಹಳೆಯ ಮನೆತನಗಳವರು ಈ ತಿಳಿವಳಿಕೆಯನ್ನು ಗಂಟಿನಲ್ಲಿ ಕಟ್ಟಿಕೊಂಡೇ ಬಂದರು. ಈಚೆಗೆ ಟೆಕ್ನೋಪಾರ್ಕಿಗೂ ಕಾಕ್ಕನಾಡಿನ ಇನ್ಫೋಪಾರ್ಕಿಗೂ ಬಂದ ನಮ್ಮ ಮಕ್ಕಳು ಫ್ಲ್ಯಾಟುಗಳಲ್ಲಿದ್ದಾರೆ. ಅಲ್ಲಿ ಹಸುವಿಗೆ ಜಾಗವಿಲ್ಲ. ಕೊಟ್ಟಿಗೆಯ ಬದಲು ಬಾಲ್ಕನಿ, ಹಸುವಿನ ಬದಲು ಪಾಮರೇನಿಯನ್ ನಾಯಿ, ಪರ್ಷಿಯನ್ ಬೆಕ್ಕು, ಮೊಲ, ಗಿನಿಪಿಗ್. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಚಿಂಚಿಲಾ ಎಂಬ ಹೊಸ ಅತಿಥಿಯೂ ಬಂದಿಳಿದಿದೆ. ಪ್ರಾಣಿ ಬದಲಾಯಿತು, ಗರ್ಭಕೋಶ ಬದಲಾಗಲಿಲ್ಲ; ಆದರೆ ಲಾಟೀನು ಹಿಡಿದು ಎದ್ದು ನೋಡುವ ಅಜ್ಜಿ ಮಾತ್ರ ಇಲ್ಲವಾದಳು. ತೊಂದರೆ ಹುಟ್ಟುವುದು ಅಲ್ಲಿ.

ಮೊದಲು ಎಲ್ಲರಿಗೂ ಪರಿಚಿತವಾದ ನಾಯಿಯಿಂದ ಆರಂಭಿಸೋಣ. ಹೆಣ್ಣುನಾಯಿ ಸಾಧಾರಣವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಬೆದೆ ಮುಗಿದ ಮೇಲೆ, ಗರ್ಭ ನಿಂತಿರಲಿ ನಿಲ್ಲದಿರಲಿ, ಸುಮಾರು ಎರಡು ತಿಂಗಳ ಕಾಲ ಅಂಡಾಶಯದಿಂದ ಪ್ರೊಜೆಸ್ಟರಾನ್ ಎಂಬ ರಸ ಸ್ರವಿಸುತ್ತಲೇ ಇರುತ್ತದೆ. ಇದು ಗರ್ಭಕೋಶದ ಒಳಪದರವನ್ನು ದಪ್ಪಗೊಳಿಸುತ್ತದೆ, ಕೊರಳನ್ನು ಬಿಗಿಗೊಳಿಸುತ್ತದೆ, ಒಳಗಿನ ರಕ್ಷಣಾಶಕ್ತಿಯನ್ನು ತಗ್ಗಿಸುತ್ತದೆ. ಬರಲಿರುವ ಮರಿಗಾಗಿ ಪ್ರಕೃತಿ ಮಾಡುವ ಸಿದ್ಧತೆ ಇದು. ಮರಿ ಬರದೆ, ಇದೇ ಏರ್ಪಾಡು ವರ್ಷ ವರ್ಷವೂ ಸುಮ್ಮನೆ ನಡೆಯುತ್ತ ಹೋದರೆ, ಆ ಮೆತ್ತನೆಯ ಹಾಸಿಗೆಯ ಮೇಲೆ ಮಲಗಲು ರೋಗಾಣುಗಳು ಬರುತ್ತವೆ. ಹೆಚ್ಚಾಗಿ ಬರುವುದು ಕರುಳಿನಲ್ಲೇ ವಾಸಿಸುವ ಈ ಕೋಲಿ ಎಂಬ ಅಣುಜೀವಿ. ಗರ್ಭಕೋಶ ಕೀವಿನ ಚೀಲವಾಗುತ್ತದೆ. ವೈದ್ಯರು ಇದಕ್ಕೆ ಪಯೋಮೆಟ್ರಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಕೀವು ಮತ್ತು ಗರ್ಭಕೋಶ ಎಂಬ ಎರಡು ಮಾತು ಸೇರಿ ಆದ ಹೆಸರು. ಸಂತಾನಹರಣ ಚಿಕಿತ್ಸೆಯಾಗದ ಹೆಣ್ಣುನಾಯಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹತ್ತು ವರ್ಷ ತುಂಬುವುದರೊಳಗೆ ಈ ರೋಗ ಬರುತ್ತದೆಂದು ಸ್ವೀಡನ್ ದೇಶದ ನಾಯಿಗಳ ವಿಮೆಯ ದಾಖಲೆಗಳಿಂದ ತಿಳಿದುಬಂದಿದೆ. ಇದು ಸಣ್ಣ ಲೆಕ್ಕವಲ್ಲ.

ಇದರ ಗುರುತುಗಳೇನು? ಬೆದೆ ಮುಗಿದ ಒಂದೆರಡು ತಿಂಗಳೊಳಗೆ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಪಾತ್ರೆಗಟ್ಟಲೆ ನೀರು ಕುಡಿದು ಪದೇ ಪದೇ ಮೂತ್ರ ಮಾಡುತ್ತದೆ. ಗರ್ಭಕೋಶದ ಕೊರಳು ತೆರೆದಿದ್ದರೆ ಯೋನಿದ್ವಾರದಿಂದ ದುರ್ವಾಸನೆಯ ಕೀವು ಸುರಿಯುವುದು ಕಾಣುತ್ತದೆ. ಕೊರಳು ಮುಚ್ಚಿದ್ದರೆ ಹೊರಗೆ ಏನೂ ಕಾಣದು. ಹೊಟ್ಟೆ ಮಾತ್ರ ಉಬ್ಬುತ್ತದೆ. ಈ ಎರಡನೆಯದೇ ಹೆಚ್ಚು ಅಪಾಯಕರ. ಒಳಗಿನ ವಿಷ ರಕ್ತಕ್ಕೆ ಸೇರಿ, ಮೂತ್ರಪಿಂಡಗಳು ಕೆಟ್ಟು, ಗರ್ಭಕೋಶ ಒಡೆದು ಪ್ರಾಣಿ ಸಾಯಬಹುದು. "ಸೆಖೆಗೆ ನೀರು ಜಾಸ್ತಿ ಕುಡಿಯುತ್ತಿದೆ, ಇಬ್ಬನಿ ಬಿದ್ದ ಮೇಲೆ ಸರಿಹೋದೀತು" ಎಂದು ಮನೆಯವರು ಸಮಾಧಾನ ಹೇಳಿಕೊಳ್ಳುವ ನಾಲ್ಕು ದಿನಗಳೇ ಉಳಿಸಬಹುದಾಗಿದ್ದ ಜೀವವನ್ನು ಕಳೆಯುವ ದಿನಗಳು. ಇನ್ನೊಂದು ಮಾತು: ಬೆದೆ ಬರದಂತೆ ತಡೆಯಲು ಚುಚ್ಚುಮದ್ದು ಕೊಡಿಸುವ ಪದ್ಧತಿ ನಾಯಿಬೆಕ್ಕುಗಳಲ್ಲಿ ಉಂಟು. ಆ ಮದ್ದು ಪ್ರೊಜೆಸ್ಟರಾನಿನ ಜಾತಿಯದೇ ಆದುದರಿಂದ ಅದು ಈ ರೋಗಕ್ಕೆ ತಾನೇ ಬಾಗಿಲು ತೆರೆದುಕೊಡುತ್ತದೆ.

ಮೊಲದ ವಿಷಯ ಸ್ವಲ್ಪ ಬೇರೆ. ಹೆಣ್ಣುಮೊಲದಲ್ಲಿ ಸೋಂಕಿಗಿಂತ ಗರ್ಭಕೋಶದ ಕ್ಯಾನ್ಸರಿನ ಭಯ ಹೆಚ್ಚು. ಕೆಲವು ತಳಿಗಳಲ್ಲಿ ಮೂರು ನಾಲ್ಕು ವರ್ಷ ದಾಟಿದವುಗಳ ಪೈಕಿ ಅರ್ಧಕ್ಕೂ ಮೇಲ್ಪಟ್ಟು ಇದಕ್ಕೆ ತುತ್ತಾಗುತ್ತವೆ. ಮೂತ್ರದಲ್ಲಿ ರಕ್ತ ಕಂಡರೆ ತೋರಿಸತಕ್ಕದ್ದು. ತಿಂದ ಸೊಪ್ಪಿನ ಬಣ್ಣದಿಂದಲೂ ಮೊಲದ ಮೂತ್ರ ಕೆಂಪಾಗುವುದುಂಟು, ಯಾವುದೆಂದು ವೈದ್ಯರು ಪರೀಕ್ಷಿಸಿ ಹೇಳಲಿ. ಆದುದರಿಂದಲೇ ಮೊಲಕ್ಕೆ ಎಳೆಯ ವಯಸ್ಸಿನಲ್ಲೇ ಸಂತಾನಹರಣ ಮಾಡಿಸುವುದು ಒಳ್ಳೆಯದೆಂದು ಬಲ್ಲವರು ಸಲಹೆ ಕೊಡುತ್ತಾರೆ.

ಈಗ ಚಿಂಚಿಲಾದ ಕಡೆಗೆ ಬರೋಣ. ಇದು ಇಲಿ, ಅಳಿಲುಗಳ ದೂರದ ಬಂಧು. ಅರ್ಧ ಕಿಲೋ ತೂಕದ, ಬೂದುಬಣ್ಣದ, ರೇಷ್ಮೆಯಂಥ ಮೈಯ ಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಒಣ, ತಂಪು ಬಂಡೆನೆಲ ಇದರ ತವರು. ನಮಗೆ ಒಂದು ರಂಧ್ರದಿಂದ ಒಂದು ಕೂದಲು ಹುಟ್ಟಿದರೆ ಇದಕ್ಕೆ ಐವತ್ತಕ್ಕೂ ಹೆಚ್ಚು ಹುಟ್ಟುತ್ತವೆ. ಆ ಕೂದಲೇ ಇದಕ್ಕೆ ಮೃತ್ಯುವಾಯಿತು: ಚರ್ಮದ ವ್ಯಾಪಾರಿಗಳು ಕೊಂದು ಕೊಂದು ಕಾಡಿನ ಚಿಂಚಿಲಾ ಇಂದು ಅಳಿವಿನ ಅಂಚಿನಲ್ಲಿದೆ. ೧೯೨೩ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರು ಚಿಲಿ ದೇಶದಿಂದ ಹನ್ನೊಂದು ಪ್ರಾಣಿಗಳನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದ. ದಾರಿಯಲ್ಲಿ ಸೆಖೆಗೆ ಸಾಯದಿರಲೆಂದು ಗೂಡುಗಳಿಗೆ ಮಂಜುಗಡ್ಡೆಯ ತಂಪನ್ನು ಒದಗಿಸಿದನಂತೆ. ಅಮೆರಿಕದಲ್ಲಿ ಇಂದು ಸಾಕುತ್ತಿರುವ ಚಿಂಚಿಲಾಗಳಲ್ಲಿ ಬಹುಪಾಲು ಈ ಹನ್ನೊಂದರ ಸಂತತಿಯೆಂದು ಹೇಳುತ್ತಾರೆ.

ಆ ಮಂಜುಗಡ್ಡೆಯ ಕಥೆಯನ್ನು ನಾವು ಮರೆಯಬಾರದು. ಈ ಪ್ರಾಣಿಗೆ ಹಿತವಾದ ಉಷ್ಣತೆ ಹತ್ತರಿಂದ ಇಪ್ಪತ್ತು ಡಿಗ್ರಿ ಸೆಂಟಿಗ್ರೇಡ್. ಇಪ್ಪತ್ತೇಳು ಇಪ್ಪತ್ತೆಂಟನ್ನು ದಾಟಿದರೆ ಶಾಖದ ಆಘಾತದಿಂದ ಸಾಯಬಹುದು. ನಮ್ಮ ಕೊಚ್ಚಿಯಲ್ಲಿ ಹಗಲು ಮೂವತ್ತು ಸಾಮಾನ್ಯ. ರಾತ್ರಿಯಲ್ಲಿಯೂ ಇಪ್ಪತ್ತೆರಡರ ಕೆಳಗೆ ಇಳಿಯುವುದು ಅಪರೂಪ. ತಿರುವನಂತಪುರವೂ ಹಾಗೆಯೇ. ಹಗಲಿರುಳೂ ಏ.ಸಿ. ನಡೆಯಬೇಕು, ವಿದ್ಯುತ್ತು ಹೋದರೆ ಬೇರೆ ವ್ಯವಸ್ಥೆ ಇರಬೇಕು. ೨೦೧೮ರ ಆಗಸ್ಟಿನ ಪ್ರಳಯದಲ್ಲಿ ಆಲುವಾ ಕಡೆಯವರು ವಿದ್ಯುತ್ತಿಲ್ಲದೆ ದಿನಗಳನ್ನು ಕಳೆದದ್ದು ನಿಮಗೆ ನೆನಪಿದೆ. ಇನ್ನು ಇಲ್ಲಿಯ ತೇವ: ಮಳೆಗಾಲದಲ್ಲಿ ನಮ್ಮ ಉಪ್ಪಿನಕಾಯಿಗೇ ಬೂಷ್ಟು ಹಿಡಿಯುವಾಗ ಗೂಡಿನ ಹಾಸು, ಒಣಹುಲ್ಲು, ನೀರಿನ ಸೀಸೆ ಶುದ್ಧವಾಗಿ ಉಳಿದಾವೆಯೇ? ಸ್ಯೂಡೊಮೊನಾಸ್ ಎಂಬ ಅಣುಜೀವಿಗೆ ನೀರಿನ ಸೀಸೆಯೂ ಒದ್ದೆ ಹಾಸೂ ತವರುಮನೆ. ಚಿಂಚಿಲಾದ ಗರ್ಭಕೋಶವನ್ನು ಕೆಡಿಸುವ ಅಣುಜೀವಿಗಳಲ್ಲಿ ಅದೂ ಒಂದು. ಹೀಗೆ ನಮ್ಮ ಹವೆಯೇ ಈ ರೋಗಕ್ಕೆ ಅರ್ಧ ದಾರಿ ಮಾಡಿಕೊಟ್ಟಿದೆ.

ಇದರ ಗರ್ಭಕೋಶದ ರಚನೆಯೂ ವಿಶೇಷವಾದದ್ದು. ಎರಡು ಕೊಂಬುಗಳಿವೆ, ಎರಡಕ್ಕೂ ಬೇರೆ ಬೇರೆ ಕೊರಳುಗಳಿವೆ. ಯೋನಿದ್ವಾರವನ್ನು ಒಂದು ತೆಳುಪೊರೆ ಮುಚ್ಚಿರುತ್ತದೆ. ಬೆದೆಯ ದಿನಗಳಲ್ಲಿ ಮತ್ತು ಮರಿ ಹಾಕುವಾಗ ಮಾತ್ರ ಅದು ತೆರೆಯುತ್ತದೆ. ಆದುದರಿಂದ ಹೊರಗಿನ ರೋಗಾಣು ಒಳಗೆ ನುಗ್ಗಲು ಮುಖ್ಯವಾದ ಸಮಯ ಹೆರಿಗೆಯದು. ಗರ್ಭದ ಅವಧಿ ನೂರಹನ್ನೊಂದು ದಿನ. ಇಷ್ಟು ಸಣ್ಣ ಪ್ರಾಣಿಗೆ ಇದು ಬಲು ದೀರ್ಘ. ಸಾಮಾನ್ಯವಾಗಿ ಎರಡು ಮರಿ. ಮೈತುಂಬ ಕೂದಲು, ತೆರೆದ ಕಣ್ಣು, ಬಾಯಲ್ಲಿ ಹಲ್ಲು ಸಹಿತವಾಗಿಯೇ ಅವು ಭೂಮಿಗೆ ಬರುತ್ತವೆ. ದೊಡ್ಡ ಮರಿಯಾದುದರಿಂದ ಹೆರಿಗೆ ಕಷ್ಟವಾಗುವುದುಂಟು. ತಿಣುಕಲು ಆರಂಭಿಸಿ ನಾಲ್ಕು ಗಂಟೆಯಾದರೂ ಮರಿ ಬರದಿದ್ದರೆ ಕಾಯತಕ್ಕದ್ದಲ್ಲ. ಒಂದು ಮರಿ ಒಳಗೇ ಸತ್ತು ಉಳಿದರೆ, ಅಥವಾ ಮಾಸಿನ ತುಂಡು ಉಳಿದರೆ, ಅದು ಕೊಳೆತು ಗರ್ಭಕೋಶಕ್ಕೆ ಉರಿಯೂತ ಬರುತ್ತದೆ. ನಮ್ಮ ಅಜ್ಜಿಯ ಪ್ರಶ್ನೆ ಇಲ್ಲಿಯೂ ಸಲ್ಲುತ್ತದೆ: ಮಾಸು ಬಿತ್ತೇ? ತಾಯಿ ಅದನ್ನು ತಿಂದುಬಿಡುವುದು ಸ್ವಭಾವವಾದ್ದರಿಂದ ಎಣಿಸುವುದು ಸುಲಭವಲ್ಲ. ಆದುದರಿಂದ ಮಾಸನ್ನು ನೋಡುವುದಕ್ಕಿಂತ ತಾಯಿಯನ್ನು ನೋಡುವುದೇ ಸರಿಯಾದ ಕ್ರಮ.

ತಾಯಿಯಲ್ಲಿ ಏನನ್ನು ನೋಡಬೇಕು? ಹೆರಿಗೆಯಾದ ಮೇಲೆ ಅದು ಮೂಲೆಯಲ್ಲಿ ಗುಬುರು ಕುಳಿತರೆ, ಹುಲ್ಲು ತಿನ್ನದಿದ್ದರೆ, ಹಿಕ್ಕೆ ಕಡಮೆಯಾದರೆ ಅಥವಾ ನಿಂತರೆ, ಹಾಲು ಬತ್ತಿ ಮರಿಗಳು ಕೀಚಲು ಕೂಗುತ್ತ ಸೊರಗಿದರೆ, ಹಿಂಭಾಗದ ಕೂದಲು ಒದ್ದೆಯಾಗಿ ಅಂಟಿಕೊಂಡು ವಾಸನೆ ಬಂದರೆ, ಮುಚ್ಚಬೇಕಾದ ಪೊರೆ ತೆರೆದೇ ಉಳಿದು ಕೆಂಪಗೆ ಊದಿಕೊಂಡು ಕೀವೊಸರಿದರೆ, ಅದು ಗರ್ಭಕೋಶದ ರೋಗವೆಂದು ಶಂಕಿಸಬೇಕು. ಎಂದೂ ಮರಿ ಹಾಕದ ಹೆಣ್ಣಿಗೂ ಕೀವು ತುಂಬುವುದುಂಟು. ಅಲ್ಲಿ ಹೊಟ್ಟೆ ದಪ್ಪವಾಗುವುದು, ತೂಕ ಇಳಿಯುವುದು ಮಾತ್ರವೇ ಗುರುತಾಗಬಹುದು. ಬೇಟೆಯಾಗುವ ಜಾತಿಯ ಪ್ರಾಣಿ ತನ್ನ ನೋವನ್ನು ಬಚ್ಚಿಡುತ್ತದೆ; ನರಳಿದರೆ ಹದ್ದಿಗೆ ಗೊತ್ತಾಗುತ್ತದೆಂಬ ಹಳೆಯ ಭಯ ಅದಕ್ಕೆ. ಆದುದರಿಂದ ಅಡಿಗೆಮನೆಯ ತಕ್ಕಡಿಯನ್ನು ವಾರಕ್ಕೊಮ್ಮೆ ಇದಕ್ಕೆ ಮೀಸಲಿಟ್ಟು ತೂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಗೊತ್ತಾಗುತ್ತದೆ.

ಇನ್ನು ನಾವು ಇಂದು ಮಾತನಾಡಲು ಮುಖ್ಯ ಕಾರಣವಾದ ಸಂಗತಿ. ಕೀವು ಕಂಡೊಡನೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಕಪಾಟಿನ ಔಷಧದ ಡಬ್ಬಿ ತೆರೆಯುತ್ತಾರೆ. ಮಗುವಿನ ಗಂಟಲುನೋವಿಗೆ ತಂದು ಮಿಕ್ಕ ಅಮಾಕ್ಸಿಸಿಲಿನ್ ಇರುತ್ತದೆ. "ಮಗುವಿಗೇ ಕೊಡುವ ಮದ್ದು, ಈ ಪಾಪದ ಪ್ರಾಣಿಗೆ ಕಾಲುಭಾಗ ಕೊಟ್ಟರೆ ಏನಾದೀತು?" ಬಂಧುಗಳೇ, ಆಗುವುದು ಸಾವು. ಚಿಂಚಿಲಾ, ಗಿನಿಪಿಗ್, ಮೊಲ ಈ ಮೂರೂ ಹುಲ್ಲನ್ನು ಜೀರ್ಣಿಸುವುದು ತಮ್ಮ ದೊಡ್ಡ ಕುರುಡುಕರುಳಿನಲ್ಲಿರುವ ಕೋಟ್ಯಂತರ ಉಪಕಾರಿ ಅಣುಜೀವಿಗಳ ಬಲದಿಂದ. ಪೆನ್ಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೋಮೈಸಿನ್, ಕ್ಲಿಂಡಾಮೈಸಿನ್, ಎರಿತ್ರೋಮೈಸಿನ್ ಈ ಮದ್ದುಗಳನ್ನು ಬಾಯಿಂದ ಕೊಟ್ಟರೆ ಆ ಉಪಕಾರಿಗಳು ಸತ್ತು, ಕ್ಲಾಸ್ಟ್ರಿಡಿಯಮ್ ಎಂಬ ದುಷ್ಟ ಅಣುಜೀವಿ ಬೆಳೆದು ವಿಷ ಕಾರುತ್ತದೆ. ಪೆನ್ಸಿಲಿನ್ ಗಿನಿಪಿಗ್ಗುಗಳನ್ನು ಕೊಲ್ಲುತ್ತದೆಂಬುದು ೧೯೪೩ರಷ್ಟು ಹಿಂದೆಯೇ ವಿಜ್ಞಾನಿಗಳಿಗೆ ತಿಳಿದಿತ್ತು. ಗರ್ಭಕೋಶದ ಸೋಂಕಿಗೆ ಕೊಟ್ಟ ಮದ್ದಿನಿಂದ ಪ್ರಾಣಿ ಹೊಟ್ಟೆಯ ರೋಗದಲ್ಲಿ ಸಾಯುತ್ತದೆ. ಮನೆಯವರು ಸೋಂಕಿಗೇ ಸತ್ತಿತೆಂದು ತಿಳಿಯುತ್ತಾರೆ. ಇವಕ್ಕೆ ಹೊಂದುವ ಬೇರೆ ಮದ್ದುಗಳಿವೆ. ಯಾವುದು, ಎಷ್ಟು ಎಂಬುದನ್ನು ಕೀವನ್ನು ಪರೀಕ್ಷಿಸಿ ಪಶುವೈದ್ಯರೇ ನಿರ್ಧರಿಸಬೇಕು.

ಈ ರಾಜ್ಯ ೨೦೧೮ರಲ್ಲಿಯೇ ರೋಗಾಣುನಾಶಕ ಮದ್ದುಗಳ ದುರುಪಯೋಗವನ್ನು ತಡೆಯಲು ಒಂದು ಕಾರ್ಯಯೋಜನೆ ಮಾಡಿಕೊಂಡಿತು. ೨೦೨೪ರಲ್ಲಿ ಚೀಟಿಯಿಲ್ಲದೆ ಇಂಥ ಮದ್ದು ಮಾರುವ ಅಂಗಡಿಗಳ ಮೇಲೆ ತಪಾಸಣೆಯನ್ನೂ ಆರಂಭಿಸಿತು. ಅದು ಮನುಷ್ಯರ ಹಿತಕ್ಕೆಂದು ಮಾಡಿದ್ದು. ಆ ಶಿಸ್ತನ್ನು ನಾವು ಮನೆಯ ಡಬ್ಬಿಗೂ ತಂದುಕೊಂಡರೆ ಪ್ರಾಣಿಗಳ ಹಿತವೂ ಆಗುತ್ತದೆ.

ಚಿಕಿತ್ಸೆ ಎಂಥದು? ಹೆರಿಗೆಯ ನಂತರದ ಹೊಸ ಉರಿಯೂತವಾದರೆ ಮದ್ದು, ಚರ್ಮದಡಿ ದ್ರವ, ನೋವುಶಮನ, ಸಿರಿಂಜಿನಿಂದ ಮೆತ್ತಗಿನ ಆಹಾರ ಇವುಗಳಿಂದ ಗುಣವಾಗಬಹುದು. ಕೀವು ತುಂಬಿದ್ದರೆ, ಸತ್ತ ಮರಿ ಉಳಿದಿದ್ದರೆ, ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯುವ ಶಸ್ತ್ರಚಿಕಿತ್ಸೆಯೇ ಸರಿಯಾದ ಮಾರ್ಗ. ನಾಯಿಯಲ್ಲಿ ಇದು ಪಶುವೈದ್ಯರಿಗೆ ನಿತ್ಯದ ಕೆಲಸ. ಅರ್ಧ ಕಿಲೋದ ಪ್ರಾಣಿಗೆ ಮತ್ತು ಬರಿಸುವುದೇ ಒಂದು ಸಾಹಸ. ಆದುದರಿಂದ ಮೊಲಕ್ಕೆ ಹೇಳಿದಂತೆ ಎಲ್ಲ ಚಿಂಚಿಲಾಗಳಿಗೂ ಮುಂಚಿತವಾಗಿಯೇ ಸಂತಾನಹರಣ ಮಾಡಿಸಿ ಎಂದು ಹೇಳುವಂತಿಲ್ಲ. ಬದಲಾಗಿ ಬರದಂತೆ ನೋಡಿಕೊಳ್ಳಬೇಕು. ಗಂಡುಹೆಣ್ಣುಗಳನ್ನು ಬೇರೆ ಗೂಡಿನಲ್ಲಿಡಿ. ಹೆತ್ತ ಕೂಡಲೆ ಇದು ಮತ್ತೆ ಬೆದೆಗೆ ಬರುತ್ತದೆ. ಗಂಡು ಅಲ್ಲಿಯೇ ಇದ್ದರೆ ಬಾಣಂತಿಯೇ ಬಸುರಿಯಾಗುತ್ತಾಳೆ. ಕೊಳ್ಳುವಾಗ ಎರಡೂ ಹೆಣ್ಣೆಂದು ಅಂಗಡಿಯವರು ಹೇಳಿದರೂ ವೈದ್ಯರಿಗೆ ತೋರಿಸಿ. ಹೆಣ್ಣಿನ ಮೂತ್ರನಾಳದ ತುದಿ ಗಂಡಿನದರಂತೆಯೇ ಮೊನೆಯಾಗಿರುವುದರಿಂದ ಮೋಸಹೋಗುವುದು ಸುಲಭ. ಈ ಪ್ರಾಣಿ ದೂಳಿನಲ್ಲಿ ಹೊರಳಿ ಸ್ನಾನ ಮಾಡುವುದು. ಹೆತ್ತ ಮೇಲೆ ಪೊರೆ ಮುಚ್ಚುವವರೆಗೆ ಒಂದು ವಾರ ಹತ್ತು ದಿನ ದೂಳಿನ ಪಾತ್ರೆಯನ್ನು ತೆಗೆದಿಡಿ. ನೀರಿನ ಸೀಸೆಯನ್ನು ದಿನವೂ ಉಜ್ಜಿ ತೊಳೆಯಿರಿ. ಒಣಹುಲ್ಲನ್ನು ಬಿಗಿಮುಚ್ಚಳದ ಡಬ್ಬದಲ್ಲಿಡಿ.

ಎಲ್ಲಿಗೆ ಒಯ್ಯಬೇಕು? ಎರ್ನಾಕುಲಂನಲ್ಲಿ ಜಿಲ್ಲಾ ಪಶುವೈದ್ಯ ಕೇಂದ್ರವಿದೆ. ತಿರುವನಂತಪುರದ ಕುಡಪ್ಪನಕುನ್ನಿನಲ್ಲಿ ಸರ್ಕಾರದ ದೊಡ್ಡ ಪಶು ಆಸ್ಪತ್ರೆಯಿದೆ. ತ್ರಿಶೂರಿನ ಹತ್ತಿರ ಮಣ್ಣುತ್ತಿಯಲ್ಲಿ ೧೯೫೫ರಲ್ಲಿ ಸ್ಥಾಪನೆಯಾದ ಪಶುವೈದ್ಯ ಕಾಲೇಜಿದೆ. ಈಗ ಅದು ೨೦೧೦ರಲ್ಲಿ ವಯನಾಡಿನ ಪೂಕೋಡಿನಲ್ಲಿ ಆರಂಭವಾದ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕೊಚ್ಚಿಯಿಂದ ಮಣ್ಣುತ್ತಿಗೆ ಸುಮಾರು ೭೦ ಕಿಲೋಮೀಟರ್. ತಿರುವನಂತಪುರದವರಿಗೆ ಮಾತ್ರ ಒಂದು ದಿನದ ಪ್ರಯಾಣ. ಎಲ್ಲ ಪಶುವೈದ್ಯರೂ ಇಂಥ ಸಣ್ಣ ವಿದೇಶೀ ಪ್ರಾಣಿಗಳನ್ನು ನೋಡುವುದಿಲ್ಲ. ಆದುದರಿಂದ ಯಾರು ನೋಡುತ್ತಾರೆಂಬುದನ್ನು ಪ್ರಾಣಿಯನ್ನು ಕೊಳ್ಳುವ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ; ರೋಗ ಬಂದ ರಾತ್ರಿ ಹುಡುಕಲು ಹೊರಡಬೇಡಿ.

ಹೊಸದಾಗಿ ಬಂದವರಿಗೆ ಭಾಷೆಯ ತೊಡಕೊಂದುಂಟು. ಇಲ್ಲಿ ಪಶು ಆಸ್ಪತ್ರೆಗೆ ಮೃಗಾಶುಪತ್ರಿ ಎನ್ನುತ್ತಾರೆ. ಹುಲಿ ಸಿಂಹಗಳ ಆಸ್ಪತ್ರೆಯೆಂದು ಹೆದರಬೇಕಾಗಿಲ್ಲ. ಗರ್ಭಕೋಶ ಇಲ್ಲಿ ಗರ್ಭಪಾತ್ರಂ, ಸೋಂಕು ಅಣುಬಾಧ, ಕೀವು ಚಲಂ. "ತೀಟ್ಟ ಎಡುಕ್ಕುನ್ನಿಲ್ಲ" ಎಂದರೆ ಮೇವು ತಿನ್ನುತ್ತಿಲ್ಲ ಎಂದರ್ಥ. ಈ ನಾಲ್ಕು ಮಾತು ಕಲಿತರೆ ಅರ್ಧ ರೋಗವನ್ನು ಹೇಳಿದಂತಾಯಿತು. ಬೆದೆಗೆ ಬಂದದ್ದು ಯಾವಾಗ, ಮರಿ ಹಾಕಿದ್ದು ಯಾವಾಗ, ಊಟ ಬಿಟ್ಟು ಎಷ್ಟು ಗಂಟೆಯಾಯಿತು, ಯಾವ ಮದ್ದು ಕೊಟ್ಟಿದ್ದೀರಿ ಎಂಬುದನ್ನು ಸಂಕೋಚವಿಲ್ಲದೆ ಹೇಳಿ.

ಸಂಕೋಚವೆಂಬ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳಲೇಬೇಕು. ನಾಯಿಯ ಕಾಲು ಕುಂಟಿದರೆ ಅದೇ ದಿನ ಕರೆತರುವವರು ಯೋನಿದ್ವಾರದಲ್ಲಿ ಕೀವು ಕಂಡರೆ ಎರಡು ಮೂರು ದಿನ ತಡಮಾಡುತ್ತಾರೆ. ಮನೆಯ ಹೆಂಗಸರು ಮೊದಲೇ ಕಂಡಿರುತ್ತಾರೆ; ಗಂಡಸರ ಮುಂದೆ ಹೇಳಲು ನಾಚಿಕೆ. ಗಂಡಸರು ಕಂಡಿದ್ದರೂ ಮಕ್ಕಳ ಮುಂದೆ ಆ ಮಾತನ್ನು ಎತ್ತುವುದಿಲ್ಲ. ವೈದ್ಯರ ಮುಂದೆ ಬಂದಾಗಲೂ "ಹೊಟ್ಟೆ ಸರಿಯಿಲ್ಲ" ಎಂದಷ್ಟೇ ಹೇಳುತ್ತಾರೆ. ನಮ್ಮ ಅಜ್ಜಿ ಕೊಟ್ಟಿಗೆಯಲ್ಲಿ ನಾಚಲಿಲ್ಲ. ಜೀವದ ಪ್ರಶ್ನೆಯಲ್ಲಿ ನಾಚಿಕೆಗೆ ಸ್ಥಾನವಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಪ್ರಾಣಿಯ ವಿಷಯದಲ್ಲಿ ಬಾಯಿಬಿಟ್ಟು ಹೇಳಲು ಕಲಿತ ಮನೆಯಲ್ಲಿ ಮನುಷ್ಯರ ಇಂಥ ಕಾಯಿಲೆಗಳನ್ನೂ ಹೆಣ್ಣುಮಕ್ಕಳು ಕಾಲಕ್ಕೆ ಸರಿಯಾಗಿ ಹೇಳಿಕೊಂಡಾರು.

ಕೊನೆಯದಾಗಿ, ಕೊಳ್ಳುವವರಿಗೆ ಒಂದು ಬಿನ್ನಹ. ಚಿಂಚಿಲಾ ಹತ್ತರಿಂದ ಇಪ್ಪತ್ತು ವರ್ಷ ಬದುಕುವ ಪ್ರಾಣಿ. ಇಂದು ಅದನ್ನು ಕೇಳುವ ಆರನೆಯ ತರಗತಿಯ ಮಗು ಕಾಲೇಜು ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೂ ಅದು ನಿಮ್ಮ ಮನೆಯಲ್ಲಿರುತ್ತದೆ. ವಿದೇಶೀ ಪ್ರಾಣಿಗಳ ಬಗ್ಗೆ ೨೦೨೨ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾಗಿದೆ, ೨೦೨೪ರಲ್ಲಿ ನೋಂದಣಿಯ ನಿಯಮಗಳು ಬಂದಿವೆ. ಕೊಳ್ಳುವ ಪ್ರಾಣಿಗೆ ಅವು ಅನ್ವಯಿಸುತ್ತವೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಹಣ ಕೊಡಬೇಡಿ. ಕೇರಳದ ಈ ಸೆಖೆಯಲ್ಲಿ, ತೇವದಲ್ಲಿ ಅದನ್ನು ಸಾಕದಿರುವುದೇ ಅದಕ್ಕೆ ಮಾಡುವ ದೊಡ್ಡ ಉಪಕಾರ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೆ ಈಗಾಗಲೇ ಮನೆಗೆ ಬಂದಿದ್ದರೆ ಅದು ನಿಮ್ಮ ಮನೆಯ ಹೆಣ್ಣುಮಗಳೇ. ಆಕೆಗೆ ತಂಪು ನೆಲ, ಒಣಹಾಸು, ಶುದ್ಧ ನೀರು ಕೊಡಿ. ವಾರಕ್ಕೊಮ್ಮೆ ತಕ್ಕಡಿಗೆ ಏರಿಸಿ. ಒಂದು ಹೊತ್ತು ಊಟ ಬಿಟ್ಟರೆ ಎರಡನೆಯ ಹೊತ್ತಿಗೆ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ.